ಮಧುಮೇಹದಲ್ಲಿ ಪ್ಲೇಟ್‌ಲೆಟ್‌ಗಳ ಪಾತ್ರ ಮತ್ತು ಅಪಧಮನಿ ರೋಗ

ಡೆಂಗಿ ಜ್ವರದ ಸಂದರ್ಭದಲ್ಲಿ ಪ್ಲೇಟ್‌ಲೆಟ್ ಎಂಬ ಪದವನ್ನು ಸದಸ್ಯರೆಲ್ಲರೂ ಕೇಳಿರುತ್ತೀರಿ. ಅಲ್ಲಿ ಅವುಗಳ ಸಂಖ್ಯೆ ಕುಸಿಯುವುದೇ ಆತಂಕ. ಮಧುಮೇಹದಲ್ಲಿ ಸಂಖ್ಯೆ ಸರಿಯಾಗಿದ್ದರೂ ಅವುಗಳ ವರ್ತನೆ ಬದಲಾಗುವುದು ಅಪಾಯಕ್ಕೆ ಕಾರಣವಾಗುತ್ತದೆ.

ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 1.5ರಿಂದ 4.5 ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಗಾಯವಾದಾಗ ಒಂದಕ್ಕೊಂದು ಅಂಟಿಕೊಂಡು ರಕ್ತಸ್ರಾವವನ್ನು ತಡೆಯುವುದು ಇವುಗಳ ಕಾರ್ಯ. ರಕ್ತದಲ್ಲಿ ಸಕ್ಕರೆ ಅಂಶವು ದೀರ್ಘಕಾಲ ಅಧಿಕವಾಗಿದ್ದರೆ ಅಪಧಮನಿಯ ಒಳಪದರವು ಹಾನಿಗೊಂಡು ಅಲ್ಲಿ ಕೊಬ್ಬು ಶೇಖರವಾಗುತ್ತದೆ. ಜೊತೆಗೆ ಪ್ಲೇಟ್‌ಲೆಟ್‌ಗಳು ಅತಿ ಚುರುಕಾಗಿ, ಅಲ್ಪ ಪ್ರಚೋದನೆಗೂ ಗುಂಪುಗೂಡುತ್ತವೆ. ಕೊಬ್ಬಿನ ಪದರವು ಬಿರಿದಲ್ಲಿ ಇವು ಸೇರಿ ರಕ್ತ ಹೆಪ್ಪುಗಟ್ಟಿದರೆ ನಾಳವು ಮುಚ್ಚುತ್ತದೆ. ಹೃದಯದಲ್ಲಾದರೆ ಹೃದಯಾಘಾತ, ಮೆದುಳಿನಲ್ಲಾದರೆ ಪಾರ್ಶ್ವವಾಯು. ಕಾಲಿನಲ್ಲಾದರೆ ಪಾದವನ್ನೇ ಕಳೆದುಕೊಳ್ಳುವ ಸ್ಥಿತಿ ಒದಗಬಹುದು.

ಆಸ್ಪಿರಿನ್ ಮಾತ್ರೆಯು ಪ್ಲೇಟ್‌ಲೆಟ್‌ಗಳ ಅಂಟುವಿಕೆಯನ್ನು ತಗ್ಗಿಸುತ್ತದೆ. ಆದರೆ ಜಠರದಲ್ಲಿ ರಕ್ತಸ್ರಾವವನ್ನೂ ಉಂಟುಮಾಡಬಲ್ಲದು. ಆದ್ದರಿಂದ ವೈದ್ಯರ ಸಲಹೆಯಿಲ್ಲದೆ ಅದನ್ನು ಪ್ರಾರಂಭಿಸಬಾರದು. ಅವರು ಸೂಚಿಸಿದ್ದನ್ನು ಸ್ವಇಚ್ಛೆಯಿಂದ ನಿಲ್ಲಿಸಲೂಬಾರದು. ಡೆಂಗಿ ಶಂಕಿತ ಜ್ವರಕ್ಕೆ ಈ ಮಾತ್ರೆ ಸಲ್ಲದು.

ಸದಸ್ಯರು ಗಮನಿಸಬೇಕಾದ ಅಂಶಗಳು:

1. 30 ವರ್ಷ ಮೇಲ್ಪಟ್ಟವರೆಲ್ಲರೂ ರಕ್ತದೊತ್ತಡ ಹಾಗೂ ಸಕ್ಕರೆ ತಪಾಸಣೆ ಮಾಡಿಸಿಕೊಳ್ಳುವಂತೆ ಆಶಾ ಕಾರ್ಯಕರ್ತೆಯರ ಸಹಕಾರದೊಂದಿಗೆ ವಾರ್ಡ್ ಸಭೆಗಳಲ್ಲಿ ತಿಳಿಸುವುದು.

2. ತಂಬಾಕು ತ್ಯಜಿಸುವಂತೆಯೂ, ಮಧುಮೇಹಿಗಳು ಪ್ರತಿದಿನ ಪಾದಗಳನ್ನು ಪರೀಕ್ಷಿಸಿಕೊಳ್ಳುವಂತೆಯೂ ಮನವರಿಕೆ ಮಾಡುವುದು.

3. ಮಧುಮೇಹಿಗಳಲ್ಲಿ ಎದೆನೋವಿಲ್ಲದೆಯೂ ಹೃದಯಾಘಾತವಾಗಬಹುದು. ಹಠಾತ್ ಉಸಿರಾಟದ ತೊಂದರೆ, ತಣ್ಣನೆಯ ಬೆವರು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು ಕಂಡುಬಂದಲ್ಲಿ ವಿಳಂಬ ಮಾಡದೆ 108ಕ್ಕೆ ಕರೆ ಮಾಡಿಸುವುದು.