ಹಳೇ ಫೈಲು, ಹೊಸ ಕ್ಲಾಸು: ಸೀರಿಯಲೈಸೇಶನ್ ಕಲಿಸಿದ ಪಾಠ

ಕಳೆದ ಸೆಮಿಸ್ಟರ್‌ನ ಜಾವಾ ಮಿನಿ ಪ್ರಾಜೆಕ್ಟಿಗೆ ನಾವು ಮೂವರು ಸೇರಿ ಹಾಸ್ಟೆಲ್ ಮೆಸ್ ಲೆಕ್ಕದ ಪ್ರೋಗ್ರಾಂ ಬರೆದಿದ್ದೆವು. ಡೇಟಾಬೇಸ್ ಗೊಡವೆ ಬೇಡ ಅಂತ ವಿದ್ಯಾರ್ಥಿ ಆಬ್ಜೆಕ್ಟ್‌ಗಳನ್ನೆಲ್ಲ ಅರೇಲಿಸ್ಟ್‌ಗೆ ತುಂಬಿ, ಸೀರಿಯಲೈಸ್ ಮಾಡಿ ಫೈಲಿಗೆ ಹಾಕುತ್ತಿದ್ದೆವು. ಒಂದು ತಿಂಗಳ ಲೆಕ್ಕ ಅದರಲ್ಲಿತ್ತು. ಡೆಮೋ ಹಿಂದಿನ ರಾತ್ರಿ ಕ್ಲಾಸಿಗೆ ಫೋನ್ ನಂಬರ್ ಅಂತ ಒಂದೇ ಒಂದು ಫೀಲ್ಡ್ ಸೇರಿಸಿದೆವು ನೋಡಿ, ಫೈಲು ತೆರೆಯಲೇ ಇಲ್ಲ! ಸ್ಕ್ರೀನ್ ತುಂಬಾ ಇನ್‌ವ್ಯಾಲಿಡ್‌ಕ್ಲಾಸ್‌ಎಕ್ಸೆಪ್ಶನ್.

ಏನಾಯ್ತು ಅಂತ ಹೇಳುವ ಮೊದಲು ಸ್ವಲ್ಪ ಹಿನ್ನೆಲೆ. ಪ್ರೋಗ್ರಾಂ ನಿಂತರೆ ಮೆಮೊರಿಯಲ್ಲಿದ್ದ ಆಬ್ಜೆಕ್ಟ್ ಅಲ್ಲಿಗೆ ಮುಗೀತು. ಅದರೊಳಗಿನ ಹೆಸರು, ಬಾಕಿ ಹಣ ಮುಂತಾದ ಸ್ಥಿತಿಯನ್ನು ಬೈಟ್‌ಗಳ ಸಾಲಾಗಿಸಿ ಉಳಿಸೋದೇ ಸೀರಿಯಲೈಸೇಶನ್. ಆ ಸಾಲಿನಿಂದ ಮತ್ತೆ ಆಬ್ಜೆಕ್ಟ್ ಕಟ್ಟೋದು ಡೀಸೀರಿಯಲೈಸೇಶನ್. 1997ರ ಜಾವಾ 1.1ರಿಂದಲೇ ಈ ಸೌಲಭ್ಯ ಇದೆ. ಕ್ಲಾಸ್ 'ಸೀರಿಯಲೈಸಬಲ್' ಇಂಟರ್‌ಫೇಸನ್ನು ಇಂಪ್ಲಿಮೆಂಟ್ ಮಾಡಬೇಕು. ಅದರಲ್ಲಿ ಒಂದೂ ಮೆಥಡ್ ಇಲ್ಲ, ಬರೀ ಒಪ್ಪಿಗೆಯ ಮುದ್ರೆ. ಆಮೇಲೆ 'ರೈಟ್‌ಆಬ್ಜೆಕ್ಟ್' ಕರೆದರೆ ಅದು ಹಿಡಿದುಕೊಂಡಿರುವ ಬೇರೆ ಆಬ್ಜೆಕ್ಟ್‌ಗಳೂ ಜೊತೆಗೇ ಹೋಗುತ್ತವೆ. ಆದರೆ ಅವಕ್ಕೂ ಅದೇ ಮುದ್ರೆ ಇರಬೇಕು.

ಈಗ ನಮ್ಮ ಫಜೀತಿಗೆ ಬರೋಣ. ಫೈಲಿನಲ್ಲಿ ಕ್ಲಾಸಿನ ಗುರುತಾಗಿ 'ಸೀರಿಯಲ್‌ವರ್ಶನ್‌ಯುಐಡಿ' ಎಂಬ ಸಂಖ್ಯೆಯೂ ಕೂತಿರುತ್ತೆ. ನಾವು ಕೊಡದಿದ್ದರೆ ಕ್ಲಾಸಿನ ಹೆಸರು, ಫೀಲ್ಡ್, ಮೆಥಡ್‌ಗಳನ್ನು ನೋಡಿ ಜಾವಾ ತಾನೇ ಲೆಕ್ಕ ಹಾಕುತ್ತೆ. ನಾವು ಕೊಟ್ಟಿರಲಿಲ್ಲ. ಫೀಲ್ಡ್ ಸೇರಿತು, ಸಂಖ್ಯೆ ಬದಲಾಯ್ತು, ಹಳೇ ಫೈಲಿಗೆ ಹೊಸ ಕ್ಲಾಸು ಅಪರಿಚಿತ. ಪುಣ್ಯಕ್ಕೆ ಎರರ್ ಮೆಸೇಜಿನಲ್ಲೇ ಎರಡೂ ಸಂಖ್ಯೆ ಇದ್ದವು. ಹಳೆಯದನ್ನು ಕಾಪಿ ಮಾಡಿ ಕ್ಲಾಸಿನಲ್ಲಿ ಸ್ಟ್ಯಾಟಿಕ್ ಫೈನಲ್ ಲಾಂಗ್ ಆಗಿ ಹಾಕಿದೆವು (ಕೊನೆಗೆ 'ಎಲ್' ಮರೆತು ಕಂಪೈಲರ್ ಕೈಲಿ ಬೈಸಿಕೊಂಡೆವು ಅನ್ನೋದು ಬೇರೆ ಮಾತು). ಫೈಲು ತೆರೆಯಿತು.

ಖುಷಿ ಎರಡೇ ನಿಮಿಷ. ಫೋನ್ ಫೀಲ್ಡಿಗೆ 'ಕೊಟ್ಟಿಲ್ಲ' ಅಂತ ಆರಂಭದ ಬೆಲೆ ಬರೆದಿದ್ದೆವು, ಬಂದಿದ್ದು ಮಾತ್ರ ನಲ್! ಕಾರಣ ಇಷ್ಟೇ: ಫೈಲಿನಿಂದ ಆಬ್ಜೆಕ್ಟ್ ಕಟ್ಟುವಾಗ ಸೀರಿಯಲೈಸಬಲ್ ಕ್ಲಾಸಿನ ಕನ್‌ಸ್ಟ್ರಕ್ಟರ್ ಓಡೋದೇ ಇಲ್ಲ, ಫೀಲ್ಡಿನ ಆರಂಭದ ಬೆಲೆಯೂ ಕೂರಲ್ಲ. ಪಾಸ್‌ವರ್ಡ್ ಫೈಲಿಗೆ ಹೋಗದಿರಲಿ ಅಂತ 'ಟ್ರಾನ್ಸಿಯೆಂಟ್' ಹಾಕಿದರೆ ಅದೂ ಹೀಗೇ ನಲ್ ಆಗಿ ಬರುತ್ತೆ. ಸ್ಟ್ಯಾಟಿಕ್ ಫೀಲ್ಡ್ ಅಂತೂ ಉಳಿಯೋದೇ ಇಲ್ಲ. ನಮ್ಮ ಮುಂದಿನ ಐಡಿ ಕೌಂಟರ್ ಸ್ಟ್ಯಾಟಿಕ್ ಆಗಿದ್ದರಿಂದ ಮತ್ತೆ 1ರಿಂದ ಶುರುವಾಗಿ, ಇಬ್ಬರಿಗೆ ಒಂದೇ ನಂಬರ್ ಬಂದಿತ್ತು.

ಕೊನೆಗೆ ಕ್ಲಾಸಿನಲ್ಲೇ ಪ್ರೈವೇಟ್ 'ರೀಡ್‌ಆಬ್ಜೆಕ್ಟ್' ಮೆಥಡ್ ಬರೆದೆವು. ಮೊದಲು 'ಡಿಫಾಲ್ಟ್‌ರೀಡ್‌ಆಬ್ಜೆಕ್ಟ್' ಕರೆದು, ಫೋನ್ ನಲ್ ಇದ್ದರೆ ಅಲ್ಲೇ 'ಕೊಟ್ಟಿಲ್ಲ' ತುಂಬಿದೆವು. ಕೌಂಟರನ್ನು ಓದಿದ ಪಟ್ಟಿಯ ಅತಿ ದೊಡ್ಡ ಐಡಿಯಿಂದ ಮುಂದುವರಿಸಿದೆವು. ಆಗ ಬೆಳಗಿನ ಜಾವ 4 ಗಂಟೆ, ಡೆಮೋ 9ಕ್ಕಿತ್ತು.