ಮಕ್ಕಳಾಗದಿದ್ದರೆ ಗಂಡನಿಗೂ ಪರೀಕ್ಷೆ ಬೇಕು

ಮಕ್ಕಳಿಲ್ಲವೆಂದು ಆಸ್ಪತ್ರೆಗೆ ಬರುವ ಎಷ್ಟೋ ದಂಪತಿಗಳಲ್ಲಿ ಹೆಂಡತಿಯ ಕೈಯಲ್ಲಿ ದಪ್ಪ ಫೈಲು ಇರುತ್ತದೆ, ಗಂಡನದು ಒಂದು ಚೀಟಿಯೂ ಇರುವುದಿಲ್ಲ. "ನಮ್ಮ ಹುಡುಗ ಗಟ್ಟಿಮುಟ್ಟಾಗಿದ್ದಾನೆ, ಅವನಿಗ್ಯಾಕೆ ಪರೀಕ್ಷೆ?" ಎನ್ನುತ್ತಾರೆ ಹಿರಿಯರು. ಆದರೆ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡನ ಕಡೆಯ ಕಾರಣವೂ ಸೇರಿರುತ್ತದೆ.

ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿ ಇದೆ. ಮೇಲಿನಿಂದ ಹೈಪೋಥಲಾಮಸ್ ಆಗಾಗ ಕೊಡುವ ಸಂಕೇತದಂತೆ ಅದು ಎಲ್.ಎಚ್. ಮತ್ತು ಎಫ್.ಎಸ್.ಎಚ್. ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎರಡಕ್ಕೂ ಬೇರೆ ಬೇರೆ ಕಾಯಕ. ಎಲ್.ಎಚ್. ವೃಷಣದಲ್ಲಿ ಟೆಸ್ಟೋಸ್ಟಿರೋನ್ ತಯಾರಾಗುವಂತೆ ಮಾಡುತ್ತದೆ. ಗಡ್ಡಮೀಸೆ, ಒಡೆದ ದನಿ, ಮೈಕಟ್ಟು, ಕಾಮಾಸಕ್ತಿ ಇದರಿಂದ. ಎಫ್.ಎಸ್.ಎಚ್. ವೀರ್ಯಾಣುಗಳನ್ನು ಪೋಷಿಸುವ ಕೋಶಗಳನ್ನು ನಡೆಸುತ್ತದೆ. ಆದ್ದರಿಂದ ಗಂಡಸುತನಕ್ಕೆ ಯಾವ ಕೊರತೆಯೂ ಇಲ್ಲದವರಲ್ಲಿ ವೀರ್ಯಾಣು ಕಡಿಮೆಯಿರಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್.ಆರ್. ಮೌದ್ಗಲ್ ಮತ್ತು ಸಂಗಡಿಗರು ಇದನ್ನು ಕೋತಿಗಳಲ್ಲಿ ಕಂಡರು. ಕೆಮ್ಮಣ್ಣುಗುಂಡಿ ದಾರಿಯಲ್ಲಿ ನಿಮ್ಮ ಕೈಯ ಬಾಳೆಹಣ್ಣು ಕಸಿಯುವ ಅದೇ ಜಾತಿಯ ಕೋತಿ! ಎಫ್.ಎಸ್.ಎಚ್. ಅನ್ನು ಲಸಿಕೆಯಿಂದ ತಡೆದಾಗ ವೀರ್ಯಾಣು ಇಳಿಯಿತು, ಟೆಸ್ಟೋಸ್ಟಿರೋನ್ ಇಳಿಯಲಿಲ್ಲ.

ಇನ್ನೊಂದು ವಿಷಯ, ಮುಖ್ಯವಾಗಿ ಯುವಕರಿಗೆ. ಟ್ಯಾಂಕು ತುಂಬಿದರೆ ಫ್ಲೋಟ್ ವಾಲ್ವ್ ನೀರು ನಿಲ್ಲಿಸುವಂತೆ, ರಕ್ತದಲ್ಲಿ ಟೆಸ್ಟೋಸ್ಟಿರೋನ್ ಸಾಕಾದಾಗ ಪಿಟ್ಯುಟರಿ ಕೈ ಹಿಡಿಯುತ್ತದೆ. ಜಿಮ್‌ನಲ್ಲೋ ಅಂಗಡಿಯಲ್ಲೋ ಸಿಕ್ಕ "ಶಕ್ತಿ" ಇಂಜೆಕ್ಷನ್ನಿನಲ್ಲಿ ಈ ಹಾರ್ಮೋನೇ ಇದ್ದರೆ ಮೈ ಉಬ್ಬುತ್ತದೆ, ಆದರೆ ಎಲ್.ಎಚ್., ಎಫ್.ಎಸ್.ಎಚ್. ಎರಡೂ ನಿಲ್ಲುತ್ತವೆ. ವೀರ್ಯಾಣು ತಯಾರಾಗಲು ವೃಷಣದೊಳಗೆ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಟೆಸ್ಟೋಸ್ಟಿರೋನ್ ಇರಬೇಕು. ಹೊರಗಿನ ಸೂಜಿ ಅಷ್ಟನ್ನು ಅಲ್ಲಿಗೆ ತಲುಪಿಸಲಾರದು. ಮಗು ಬೇಕೆಂದು ಇದನ್ನು ಚುಚ್ಚಿಸಿಕೊಳ್ಳುವುದು ಬೇರಿಗೆ ಕೊಡಲಿ ಹಾಕಿದಂತೆ. ಬಿಟ್ಟ ಮೇಲೆ ಚೇತರಿಸಿಕೊಳ್ಳಲು ಅನೇಕರಿಗೆ 6 ತಿಂಗಳಿಂದ ವರ್ಷ ಹಿಡಿಯುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಇಂಥದ್ದೇನಾದರೂ ತೆಗೆದುಕೊಂಡಿದ್ದರೆ ವೈದ್ಯರ ಬಳಿ ಮುಚ್ಚಿಡಬೇಡಿ.

ವೀರ್ಯ ಪರೀಕ್ಷೆಗೆ 2ರಿಂದ 7 ದಿನ ಸಂಯಮ ಸಾಕು. ಹಾರ್ಮೋನು ಪರೀಕ್ಷೆಗೆ ರಕ್ತವನ್ನು ಬೆಳಿಗ್ಗೆಯೇ ಕೊಡಬೇಕು, ಮಧ್ಯಾಹ್ನದ ಹೊತ್ತಿಗೆ ಟೆಸ್ಟೋಸ್ಟಿರೋನ್ ಇಳಿಯುತ್ತದೆ. ಎಫ್.ಎಸ್.ಎಚ್. ಹೆಚ್ಚಿದ್ದರೆ ಸಾಮಾನ್ಯವಾಗಿ ತೊಂದರೆ ವೃಷಣದಲ್ಲೇ. ಎರಡೂ ತೀರಾ ಕಡಿಮೆಯಿದ್ದರೆ ತೊಂದರೆ ಮೇಲಿನ ಗ್ರಂಥಿಯಲ್ಲಿ, ಅದಕ್ಕೆ ಅದೇ ಹಾರ್ಮೋನುಗಳ ಚಿಕಿತ್ಸೆ ಇದೆ, ಎಷ್ಟೋ ಜನ ಅದರಿಂದ ತಂದೆಯಾಗಿದ್ದಾರೆ.

ಮೊದಲ ರಿಪೋರ್ಟು ಸರಿಯಿಲ್ಲವೆಂದು ಎದೆಗುಂದಬೇಡಿ. ವೀರ್ಯಾಣು ಬೆಳೆದು ಬರಲು ಸುಮಾರು 70 ದಿನಗಳು ಬೇಕು. ಎರಡು ತಿಂಗಳ ಹಿಂದೆ ಬಂದ ಜ್ವರದ ಫಲ ಈಗ ಕಾಣಿಸಬಹುದು. ಅಂಥ ಜ್ವರ ಬಂದಿದ್ದರೆ ಹೇಳಿ, ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷಿಸೋಣ. ಬರುವಾಗ ಇಬ್ಬರೂ ಬನ್ನಿ.