ಒಣಗಿಸುವ ಸೊಪ್ಪು, ಒಣಗಿಸಬಾರದ ಸೊಪ್ಪು

ಪ್ರಶ್ನೆ: ಕೊತ್ತಂಬರಿ, ಮೆಂತ್ಯ, ಪುದೀನ ಬೆಳೆಯುತ್ತೇವೆ. ಬೆಲೆ ಬಿದ್ದಾಗ ಉಳಿಯುವ ಸೊಪ್ಪನ್ನು ಒಣಗಿಸಿ, ದಿನದ ಸಾರು, ಪಲ್ಯಕ್ಕೆ ಪುಡಿ ಮಾಡಿಟ್ಟುಕೊಳ್ಳಬಹುದೇ? ಬಿಸಿಲಿಗೆ ಹಾಕಿದ್ದು ಕಪ್ಪಾಗಿ ಹುಲ್ಲಿನ ವಾಸನೆ ಬಂತು.
— ಓದುಗರೊಬ್ಬರು, ವೇಮಗಲ್

ಉತ್ತರ: ಖಂಡಿತ ಮಾಡಬಹುದು. ಆದರೆ ಕೊತ್ತಂಬರಿಯನ್ನು ಈ ಲೆಕ್ಕದಿಂದ ತೆಗೆದುಬಿಡಿ. ಅದರ ಘಮ ಬಲು ಹಗುರ. ಎಲೆಯ ನೀರಿನ ಜೊತೆಗೇ ಹಾರಿಹೋಗುತ್ತದೆ. ಉಳಿಯುವುದು ನೀವು ಹೇಳಿದ ಹುಲ್ಲಿನ ವಾಸನೆಯೇ. ಮಿಕ್ಕ ಕೊತ್ತಂಬರಿಯನ್ನು ಹಸಿಮೆಣಸಿನಕಾಯಿ, ಹುಣಸೆಹಣ್ಣು, ಉಪ್ಪು ಹಾಕಿ ರುಬ್ಬಿ, ಎಣ್ಣೆಯಲ್ಲಿ ಬಾಡಿಸಿ ತೊಕ್ಕು ಮಾಡಿಡಿ. ಇಲ್ಲವೇ ಒಂದು ಮಡಿಯನ್ನು ಕೀಳದೆ ಬೀಜಕ್ಕೆ ಬಿಡಿ, ಮನೆಯ ಸಾರಿನ ಪುಡಿಗೆ ಧನಿಯಾ ಆಯಿತು.

ಮೆಂತ್ಯದ ಗುಣ ಇದಕ್ಕೆ ತದ್ವಿರುದ್ಧ. ಒಣಗಿದಷ್ಟೂ ಅದರ ಘಮ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುವ ಕಸೂರಿ ಮೇಥಿಯ ಹೆಸರು, ಈಗ ಪಾಕಿಸ್ತಾನದಲ್ಲಿರುವ ಕಸೂರ್ ಎಂಬ ಊರಿನದು. ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ಬರುವುದು ರಾಜಸ್ಥಾನದ ನಾಗೌರ್ ಕಡೆಯಿಂದ. ಗಿಡದ ಜಾತಿ ಸ್ವಲ್ಪ ಬೇರೆಯಾದರೂ ನಿಮ್ಮ ಹೊಲದ ಮೆಂತ್ಯವೂ ಸೊಗಸಾಗಿ ಒಣಗುತ್ತದೆ. ಹೊಲದಲ್ಲೇ ಬೆಳೆದಿರುವಾಗ ದುಡ್ಡು ಕೊಟ್ಟು ಪೊಟ್ಟಣ ತರಬೇಡಿ ಎಂದೇ ನಾನು ಹೇಳುತ್ತೇನೆ. ಕರಿಬೇವು, ಪುದೀನವೂ ಒಣಗಿ ಘಮ ಉಳಿಸಿಕೊಳ್ಳುತ್ತವೆ. ದೊಡ್ಡಪತ್ರೆಯ ದಪ್ಪ ಎಲೆ ಮಾತ್ರ ಒಣಗುವ ಮುಂಚೆಯೇ ಕೊಳೆಯುತ್ತದೆ. ಅದರ ಘಾಟು ಬೇಕಿದ್ದರೆ ಓಮಿನಕಾಳು ಸೇರಿಸಿ. ಎರಡರಲ್ಲೂ ಥೈಮಾಲ್ ಎಂಬ ಅಂಶವಿದೆ. ನಿಮ್ಮ ಕಡೆಯ ಬೆರಕೆ ಸೊಪ್ಪಿನ ಅಣ್ಣೆ ಸೊಪ್ಪು, ಗೋಣಿ ಸೊಪ್ಪುಗಳನ್ನು ಒಣಗಿಸುವ ಗೋಜಿಗೆ ಹೋಗಬೇಡಿ. ಅವು ಹಸಿಯಾಗಿ ಬೆಂದು ಮುದ್ದೆಯ ಜೊತೆ ಸೇರಿದರೇ ರುಚಿ.

ಕಪ್ಪಾದದ್ದಕ್ಕೆ ಕಾರಣ ಬಿಸಿಲು. ಕಾವಿಗೆ ಎಲೆಯ ಹಸಿರು ಕೆಡುತ್ತದೆ, ಘಮದ ಎಣ್ಣೆ ಆವಿಯಾಗುತ್ತದೆ. ಕೊಯ್ಯುವಾಗ ಜಜ್ಜಿದ ಪುದೀನವಂತೂ ನೆರಳಲ್ಲೂ ಕಪ್ಪಾಗುತ್ತದೆ, ಆದ್ದರಿಂದ ಕೈ ಹಗುರವಿರಲಿ. ಔಷಧಿ ಹೊಡೆದ ಬೆಳೆಯಾದರೆ ಡಬ್ಬಿಯ ಮೇಲೆ ಬರೆದ ದಿನಗಳು ಕಳೆಯುವ ತನಕ ಕೊಯ್ಯಲೇಬೇಡಿ: ಒಣಗಿ ಎಲೆಯ ತೂಕ ಇಳಿದಾಗ ಅದರಲ್ಲಿ ಉಳಿದ ವಿಷದ ಸಾಂದ್ರತೆ ಏರುತ್ತದೆ. ಇಬ್ಬನಿ ಆರಿದ ಮೇಲೆ ಕೊಯ್ದು, ತೊಳೆದು, ನೀರು ಬಸಿದು, ಗಾಳಿಯಾಡುವ ಕೋಣೆಯಲ್ಲಿ ಹಳೇ ಪಂಚೆಯ ಮೇಲೆ ತೆಳ್ಳಗೆ ಹರಡಿ. ಒಂದೊಂದು ಸೊಪ್ಪೂ ಬೇರೆಬೇರೆ ಹೊತ್ತಿಗೆ ಒಣಗುವುದರಿಂದ ಬೆರೆಸುವುದು ಕೊನೆಗೆ. ಮಳೆ ಹಿಂದಾಗಿ ಗಾಳಿ ಒಣಗಿರುವ ಮಾಘ, ಫಾಲ್ಗುಣ ಇದಕ್ಕೆ ಒಳ್ಳೆಯ ಕಾಲ. ಎಲೆ ಬೆರಳಲ್ಲಿ ಪುಡಿಯಾಗಬೇಕು, ಕಡ್ಡಿ ಪಟ್ಟನೆ ಮುರಿಯಬೇಕು.

ಒಣಗಿದ ಮೇಲೆ ಕರಿಬೇವು 2 ಹಿಡಿ, ಮೆಂತ್ಯ 1 ಹಿಡಿ, ಪುದೀನ ಅರ್ಧ ಹಿಡಿ, ಓಮಿನಕಾಳು ಅರ್ಧ ಚಮಚ ಬೆರೆಸಿ. ಉಪ್ಪು ಬೇಡ, ಅದು ತೇವ ಎಳೆಯುತ್ತದೆ. ಮಿಕ್ಸಿಗೂ ಹಾಕಬೇಡಿ, ಎಲೆಯಾಗಿಯೇ ಗಾಜಿನ ಸೀಸೆಯಲ್ಲಿ ಕತ್ತಲಲ್ಲಿಡಿ. ಮೊದಲ ವಾರ ಮುಚ್ಚಳದ ಒಳಗೆ ಪಸೆ ಕಂಡರೆ ಮತ್ತೆ ಹರಡಿ ಒಣಗಿಸಿ, ಬೂಷ್ಟು ಬಂದಿದ್ದರೆ ಎಸೆಯಿರಿ. ಒಲೆ ಆರಿಸಿದ ಮೇಲೆ ಒಂದು ಚಮಚ ಅಂಗೈಯಲ್ಲಿ ತಿಕ್ಕಿ ಸಾರಿಗೆ ಉದುರಿಸಿ ತಟ್ಟೆ ಮುಚ್ಚಿ. ಆರು ತಿಂಗಳ ಹೊತ್ತಿಗೆ ಘಮ ಇಳಿಯುತ್ತದೆ, ಅಷ್ಟರೊಳಗೆ ಮುಗಿಯುವಷ್ಟೇ ಮಾಡಿಕೊಳ್ಳಿ.